ತಟ್ಟೆಯಲ್ಲಿ ಉಳಿದ ಮೊಸರು

ದೆಹಲಿಯ ಹೌಜ್ ಖಾಸ್ ಮೆಟ್ರೊ ನಿಲ್ದಾಣದ ಹೊರಗೆ ಇ-ರಿಕ್ಷಾದ ಸಾಲಿನಲ್ಲಿ ನಿಂತಿದ್ದ ಲೀಲಾವತಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಕಿವಿ ನಿಮಿರಿತು, ಕತ್ತು ಮಾತ್ರ ತಿರುಗಲಿಲ್ಲ.

"ಲಾವಣ್ಯಾ, ಎಕ್ಸ್‌ಚೇಂಜ್ ಪ್ರೋಗ್ರಾಂ ಸಾಕು, ಮೈಸೂರಿಗೆ ವಾಪಸ್ ಹೋಗ್ತೀನಿ ಅಂದ್ಯಂತೆ. ಈಗಿನ್ನೂ ಬಂದಿದೀಯ, ಯಾರ್."

"ಆ ರೂಮ್‌ಮೇಟ್ ಜೊತೆ ಆಗಲ್ಲ ನಿಹಾಲ್. ಹಾಸ್ಟೆಲ್ ಮೆಸ್‌ನಲ್ಲಿ ದಿನಾ ನನ್ನ ಮೊಸರು ಎತ್ಕೊಂಡು ತಿಂದುಬಿಡ್ತಾಳೆ. ಒಂದು ಮಾತೂ ಕೇಳಲ್ಲ."

"ಮನ್‌ಪ್ರೀತ್ ತಾನೇ? ನೀನು ಮೊಸರು ಮುಟ್ಟೋದೇ ಇಲ್ಲ ಅಂದ್ಲಲ್ಲ."

"ಕೊನೆಗೆ ಅನ್ನಕ್ಕೆ ಕಲಸ್ಕೊಳ್ಳೋಣ ಅಂತ ಇಟ್ಕೊಂಡಿರ್ತೀನಿ."

"ಅಚ್ಛಾ. ಇಲ್ಲಿ ಎಲ್ಲಾರೂ ಪರಾಠಾ ಜೊತೇನೇ ತಿಂದು ಮುಗಿಸ್ತಾರೆ. ನಿನಗೆ ಸೇರಲ್ಲ ಅಂದ್ಕೊಂಡಿದಾಳೆ."

"ಸೇರದಿದ್ರೆ ಇವಳು ತಿನ್ನಬೇಕಾ?"

"ತಟ್ಟೇಲಿ ಬಿಟ್ರೆ ಮೆಸ್ ಭಯ್ಯಾ ಎಲ್ಲರೆದುರು ಬೈತಾರೆ. ನೀನು ಹೊಸಬಳು, ಪಾಪ, ಬೈಸ್ಕೋಬಾರ್ದು ಅಂತ ಅವಳು ತಿಂತಾಳೆ. ಅವಳಿಗೆ ಮೊಸರು ಕಂಡ್ರೇ ಆಗಲ್ಲ. ತನಗೆ ಅಂತ ಒಂದಿನಾನೂ ಹಾಕಿಸ್ಕೊಳ್ಳಲ್ಲ, ನೋಡಿಲ್ವಾ?"

ರಿಕ್ಷಾ ಬಂದು ನಿಂತಿತು. ಲೀಲಾವತಿಯನ್ನು ದಾಟಿಕೊಂಡು ಇಬ್ಬರೂ ಹತ್ತಿ ಕುಳಿತರು.

"ನಿಹಾಲ್, ಅವಳಿಗೆ ಏನಿಷ್ಟ?"

"ರೂಮ್‌ಮೇಟ್ ನೀನು. ಕೇಳು."

ರಿಕ್ಷಾ ತಿರುವಿನಲ್ಲಿ ಮರೆಯಾಯಿತು. ಸಾಲಿನಲ್ಲಿ ಮೊದಲು ನಿಂತಿದ್ದವಳು ತಾನು ಎಂಬುದು ಲೀಲಾವತಿಗೆ ಆಗ ನೆನಪಾಯಿತು.