ಸೀಟಿನ ಕೆಳಗೊಂದು ಟ್ಯಾಂಕ್

ವಿರಾಜಪೇಟೆಯ ಗ್ಯಾರೇಜಿನಲ್ಲಿ ಪಂಕ್ಚರ್ ಹಾಕಿಸಲು ಕಾಯುತ್ತಿದ್ದ ಕಲ್ಲೇಶಪ್ಪನ ಕಿವಿ ಪಕ್ಕದ ಹಳೇ ಅಂಬಾಸಿಡರ್ ಕಡೆ ತಿರುಗಿತು. ಮೊಮ್ಮಗಳನ್ನು ಎತ್ತಿಕೊಂಡ ಹೆಂಗಸು ಗಂಡನ ಮೇಲೆ ಹರಿಹಾಯುತ್ತಿದ್ದಳು.

“ಪೆಟ್ರೋಲ್ ವಾಸನೆ ಮೂಗಿಗೆ ಹೊಡೀತಿದೆ. ಮಗೂನ ಇದ್ರ ಮೇಲೆ ಕೂರಿಸಲ್ಲ ನಾನು.”

“ಇನ್ನೊಂದು ಟ್ಯಾಂಕ್ ಸೀಟಿನ ಕೆಳಗೆ ಹಾಕಿಸಿದೀನಿ ಕಣೇ. ಕರಿಕೆಗೆ ಹೋಗಿ ಬರೋ ತನಕ ಬಂಕ್ ಹುಡುಕೋದೇ ಬೇಡ.”

“ಸೋರಿದ್ರೆ?”

“ಒಂದು ತೊಟ್ಟೂ ಸೋರಲ್ಲ. ನಿನ್ನ ಮೂಗೇ ಸರಿ ಇಲ್ಲ.”

“ಹಾಗಾದ್ರೆ ಒಂದು ಬೀಡಿ ಹಚ್ಚಿ, ನೋಡೋಣ.”

“ಹಚ್ಚಲ್ಲ ಅಂದ್ಕೊಂಡ್ಯಾ?”

ಬೀಡಿ ತುಟಿಗೇರಿತು, ಬೆಂಕಿಪೊಟ್ಟಣ ಹೊರಬಂತು. ‘ಬೇಡ ಕಣಯ್ಯಾ’ ಎಂದು ಗದರಲು ಕಲ್ಲೇಶಪ್ಪ ಬಾಯಿ ತೆರೆದ.

ಅಷ್ಟರಲ್ಲಿ ಹೆಂಡತಿಯೇ, “ಹಚ್ರೀ, ಯಾಕೆ ತಡ?” ಎಂದಳು.

ಕಡ್ಡಿ ಕೈಗೆತ್ತಿಕೊಂಡವನು ಕಾರು ಬಿಟ್ಟು ಹತ್ತು ಹೆಜ್ಜೆ ದೂರ ಹೋಗಿ ನಿಂತ.

ಆಕೆ ಮಗುವನ್ನು ಸೊಂಟಕ್ಕೇರಿಸಿ ಬಸ್‌ಸ್ಟ್ಯಾಂಡ್ ಕಡೆ ನಡೆದಳು.