ದುಬೈಗೆ ಒಂದೂವರೆ ತಾಸು, ಮುಂಬೈಗೆ ನಾಲ್ಕೂವರೆ

ರಾಣೆಬೆನ್ನೂರು ಬಸ್‌ ನಿಲ್ದಾಣದಲ್ಲಿ ಉಡಚವ್ವ ಮಗಳ ನಾಳಿನ ನಿಶ್ಚಯಕ್ಕೆ ಕೊಂಡ ವೀಳ್ಯದೆಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ತಮ್ಮ ಮೈಲಾರೆಪ್ಪನನ್ನು ವಿಚಾರಿಸುತ್ತಿದ್ದಳು. ಪಕ್ಕದಲ್ಲಿ ಬಸ್ಸಿಗೆ ಕಾದು ಕುಳಿತಿದ್ದ ಪ್ರಭುಲಿಂಗಪ್ಪ ಪೇಪರ್ ಓದುವವನಂತೆ ಕಿವಿ ಕೊಟ್ಟ.

“ನೀ ತಂದ ವರ ಸುಳ್ಳ ಹೇಳ್ತಾನ. ಮುಂಬೈದಾಗ ಹತ್ತಕ್ಕ ವಿಮಾನ ಹತ್ತಿ, ಹನ್ನೊಂದೂವರಿಗೆ ದುಬೈದಾಗ ಇಳದನಂತ. ಬರೂಮುಂದ ನಾಲ್ಕೂವರೆ ತಾಸು. ನಡುವ ಯಾರ ಮನಿಗೆ ಹೋಗಿದ್ದ?”

“ಅಕ್ಕಾ, ವಿಮಾನೇನು ಕುಪ್ಪೇಲೂರು ಬಸ್ಸೇನು, ಕೈ ಮಾಡಿದಲ್ಲಿ ನಿಂದ್ರಾಕ? ಹೋಗಾಕೂ ಬರಾಕೂ ಮೂರ ತಾಸ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದ ಇರ್ತೈತಿ.”

“ಸೂರ್ಯ ಒಬ್ಬನ ಅದಾನಲ್ಲೋ.”

“ಅಲ್ಲಿ ತಡಾ ಮಾಡಿ ಹುಟ್ತಾನ.”

“ಉತ್ರ ಭಾಳ ಲಗೂ ಬಂತು. ಇಲ್ಲೀತನಕ ಅವನ ಮ್ಯಾಲಷ್ಟ ಸಂಶೇ ಇತ್ತು.”

ಬಸ್ಸು ಬಂತು. ಉಡಚವ್ವ ಕಿಟಕಿಗೆ ಕುಳಿತು, ಎಲೆಯ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಮೈಲಾರೆಪ್ಪ ನಿಂತುಕೊಂಡೇ ಊರಿಗೆ ಹೊರಟ.