ಗ್ರಹಣಕ್ಕೆ ಹಿಡಿದ ಎಕ್ಸ್‌-ರೇ

ಜಹೀರಾಬಾದಿನ ಕಣ್ಣಿನ ದವಾಖಾನೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಮಾಲತೀಬಾಯಿಗೆ ಪಕ್ಕದ ಬೆಂಚಿನ ಗಂಡ ಹೆಂಡತಿಯ ಮಾತಷ್ಟೇ ಕೇಳಿಸುತ್ತಿತ್ತು. ನಾಗಲಗಿದ್ದ ಎಂಬ ಊರಿನ ಕಡೆಯವರು, ಗಂಡ ಸಾಲಿ ಮಾಸ್ತರನೆಂದು ಬೇಗ ಗೊತ್ತಾಯಿತು.

“ಗೋಡಿ ಮ್ಯಾಲಿನ ಅಕ್ಷರ ಓದ್ರಿ ನೋಡೂಣು.”

“ಸುತ್ತಲಿಂದು ಕಾಣತದ. ನಟ್ಟ ನಡುವ ಕರಿ ಮಚ್ಚಿ. ಎಲ್ಲಿ ನೋಡಿದ್ರ ಅಲ್ಲೇ ಬಂದು ಕೂಡತದ, ಬಸವೇಶ್ವರಿ.”

“ಗ್ರಹಣದ ದಿನ ಮನ್ಯಾಗ ಕೂಡ್ರಿ ಅಂದ್ರ ಕೇಳಲಿಲ್ಲ.”

“ರಾಹು ನುಂಗೂದಲ್ಲ ಅದು. ಚಂದ್ರ ಸೂರ್ಯಗ ಅಡ್ಡ ಬರತಾನ, ಅವನ ನೆಳ್ಳು ಭೂಮಿ ಮ್ಯಾಲ ಬೀಳತದ. ಅಷ್ಟೇ.”

“ಮತ್ತ ಕಣ್ಣು ಯಾಕ ಸುಟ್ಟಿತು?”

“ಗ್ರಹಣ ಸುಡಲಿಲ್ಲ, ಬಿಸಲು ಸುಟ್ಟಿತು. ಅಪ್ಪನ ಎದಿ ಎಕ್ಸ್‌-ರೇ ಹಿಡಕೊಂಡು ಸೂರ್ಯನ್ನ ನೋಡಿದೆ. ಕರ್ರಗದ, ಸಾಕು ಅನಕೊಂಡೆ.”

ಹೆಂಡತಿಯ ದನಿ ತಗ್ಗಿತು.

“ಮಾವನೋರ ಎಕ್ಸ್‌-ರೇ ಮೂರು ಇದ್ದವು. ಈಗ ಮನ್ಯಾಗ ಒಂದೂ ಇಲ್ಲ.”

“ಸಾಲಿಗೆ ಒಯ್ದಿದ್ದೆ.”

“ಹುಡುಗರಿಗೆ ಕೊಟ್ರೇನ್ರಿ?”

“ಕತ್ತರಿಸಿ ಇಪ್ಪತ್ತಾರು ತುಂಡು ಮಾಡಿದೆ. ಬಾಗಲಾ ಹಾಕ್ಕೊಂಡು ಕುಂತವರ ಮನಿಮನಿಗೆ ಹೋಗಿ, ಅಂಜಬ್ಯಾಡ್ರಿ, ನಾ ಇದ್ದೀನಿ ಅಂತ ಹೇಳಿ ಹುಡುಗರನ್ನ ಹೊರಗ ಕರಕೊಂಡು ಬಂದೆ.”

“ವೈಜಿನಾಥ!” ಎಂದು ನರ್ಸ್ ಕೂಗಿದಳು. ಬೆಂಚು ಕಿರುಗುಟ್ಟಿತು.

“ಡಾಕ್ಟರಿಗೆ ಹುಡುಗರದು ಮೊದಲ ಹೇಳ್ರಿ.”

“ಹೇಳತೀನಿ. ಎಲ್ಲಾರನೂ ಇಲ್ಲಿಗೆ ಕರಕೊಂಡು ಬರಬೇಕು.”

ಎರಡು ಜೊತೆ ಚಪ್ಪಲಿಗಳ ಸದ್ದು ಮೆಲ್ಲಗೆ ದೂರ ಸರಿಯಿತು. ಮಾಲತೀಬಾಯಿಗೆ ಕೊನೆಗೆ ಕೇಳಿಸಿದ್ದು ಗಂಡನ ದನಿ.

“ಅವೇ ಬಾಗಲಾ ಮತ್ತ ಬಡೀಬೇಕು. ಈ ಸಲ ತೆಗೀತಾರೇನ?”